ಕರಿಮೆಣಸಿನ ಕಷಾಯಕ್ಕೂ ಐದು ವಾರದ ಕೆಮ್ಮು ಬಗ್ಗದಿದ್ದರೆ ಎಷ್ಟು ಕಾಳು ಹಾಕಬೇಕು?

ಕಷಾಯ ಕುಡಿದ ರಾತ್ರಿ ಹಿತವಾಗುತ್ತದೆ, ಎರಡು ದಿನ ಬಿಟ್ಟರೆ ಕೆಮ್ಮು ಮತ್ತೆ ಶುರುವಾಗುತ್ತದೆ, ಹತ್ತು ಕಾಳು ಸಾಲದಿದ್ದರೆ ಇಪ್ಪತ್ತು ಹಾಕಬಹುದೇ, ಬಿಳಿಮೆಣಸು ಇನ್ನೂ ಒಳ್ಳೆಯದೇ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನ್ನ ಎದೆ ಧಸಕ್ಕೆಂದಿತು. 2019ರ ಜನವರಿಯಲ್ಲಿ ನಾನು ಅವ್ವನ ಹತ್ತಿರ ಕೇಳಿದ್ದೂ ಇದನ್ನೇ. ಫೆಬ್ರುವರಿ ಹೊತ್ತಿಗೆ ನಾನು ನಲವತ್ತು ಕಾಳು ಮುಟ್ಟಿದ್ದೆ.

ಕೊಡಗಿನ ನಾಪೋಕ್ಲು ಕಡೆ ನಮಗೊಂದು ಸಣ್ಣ ತೋಟವಿದೆ. ಕಾಫಿಯ ನಡುವೆ ಸಿಲ್ವರ್ ಓಕ್, ಹಾಲುವಾಣ, ಹಲಸು. ಮರಮರಕ್ಕೂ ಮೆಣಸಿನ ಬಳ್ಳಿ. 2018ರಲ್ಲಿ ಹುತ್ತರಿ ಹಬ್ಬ ಕಳೆದು ಕಾಫಿ ಹಣ್ಣು ಕೊಯ್ಯುತ್ತಿದ್ದಾಗ, ಡಿಸೆಂಬರ್ ಮೊದಲ ವಾರ, ನನಗೆ ಕೆಮ್ಮು ಹತ್ತಿತು. ಆ ವರ್ಷದ ಆಗಸ್ಟಿನ ಮಳೆ ಕೊಡಗನ್ನು ಏನು ಮಾಡಿತೆಂದು ಇಡೀ ರಾಜ್ಯ ಕಂಡಿದೆ. ನಮ್ಮ ಗುಡ್ಡ ಕುಸಿಯಲಿಲ್ಲ, ಆದರೆ ಬಳ್ಳಿಗಳು ಬುಡ ಕೊಳೆತು ಸೊರಗಿದವು. ಉಳಿದ ಫಸಲನ್ನಾದರೂ ಒಂದು ಗೊಂಚಲು ಬಿಡದೆ ಮನೆಗೆ ತರಬೇಕೆಂದು ಹಟ ಹಿಡಿದೆ. ಆಳು ಸಿಗಲಿಲ್ಲ. ಏಣಿ ಹೊತ್ತು ನಾನೇ ಮರ ಹತ್ತಿದೆ.

ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನ ಕೊಯ್ಲು. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದೊಡನೆ ಕೊಯ್ದು, ಕಾಳು ಬಿಡಿಸಿ, ಕಣದಲ್ಲಿ ಐದಾರು ದಿನ ಒಣಗಿಸಿ, ತೂರಬೇಕು. ತೂರುವ ದಿನ ಕಣದಲ್ಲಿ ಸೀನದವರಿಲ್ಲ, ಕೆಮ್ಮದವರಿಲ್ಲ. ಹಾಗಾಗಿ ನನ್ನ ಕೆಮ್ಮು ಯಾರ ಕಿವಿಗೂ ಬೇರೆಯಾಗಿ ಕೇಳಿಸಲಿಲ್ಲ.

ಅವ್ವನ ಕಷಾಯದ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಕಾಳನ್ನು ಬಾಣಲೆಯಲ್ಲಿ ಘಮ ಏಳುವಷ್ಟು ಹುರಿದು, ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ, ಜಜ್ಜಿದ ಶುಂಠಿ, ಜೀರಿಗೆ, ಒಂದು ಉಂಡೆ ಬೆಲ್ಲ ಹಾಕಿ, ನಾಲ್ಕು ಲೋಟ ನೀರು ಎರಡು ಲೋಟಕ್ಕೆ ಇಳಿಯುವವರೆಗೆ ಕುದಿಸುತ್ತಾಳೆ. ಇಳಿಸುವ ಮುನ್ನ ಎರಡು ದೊಡ್ಡಪತ್ರೆ ಎಲೆ. ಒಂದು ಗುಟುಕಿಗೆ ಕಿವಿ ಬಿಸಿಯಾಗುತ್ತದೆ, ಮೂಗು ಇಳಿಯುತ್ತದೆ, ಕಟ್ಟಿದ್ದ ಕಫ ಸಡಿಲವಾಗುತ್ತದೆ. ಇದು ಬರೀ ನಂಬಿಕೆಯಲ್ಲ. ಕಾಳಿನ ಖಾರಕ್ಕೆ ಕಾರಣವಾದ ಪೈಪರಿನ್ ಎಂಬ ಅಂಶ, ಬಾಯಿ ಗಂಟಲಿನಲ್ಲಿ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ. ಸುಡುತ್ತಿದೆಯೆಂದು ಮೈ ಭ್ರಮಿಸಿ ಜೊಲ್ಲು, ಸಿಂಬಳ, ಬೆವರು ಎಲ್ಲವನ್ನೂ ಹರಿಸುತ್ತದೆ. ಆಯುರ್ವೇದದವರು ಶುಂಠಿ, ಹಿಪ್ಪಲಿಯ ಜೊತೆ ಕರಿಮೆಣಸನ್ನು ಸಮವಾಗಿ ಸೇರಿಸಿ ತ್ರಿಕಟು ಎಂದದ್ದು ಸುಮ್ಮನೆ ಅಲ್ಲ. ನೆಗಡಿಗೆ, ಹೊಟ್ಟೆ ಉಬ್ಬರಕ್ಕೆ, ಬಾಣಂತಿಯ ಊಟದ ಮೆಣಸು ಸಾರಿಗೆ, ಜಡಿಮಳೆಯಲ್ಲಿ ನೆನೆದು ಬಂದ ಮೈಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ದಯವಿಟ್ಟು ಓದಿ.

ಕಷಾಯದಿಂದ ಕೆಮ್ಮು ಕಡಿಮೆಯಾದಾಗಲೆಲ್ಲ ನಾನು ಅದು ಮುಗಿಯಿತೆಂದು ತಿಳಿದೆ. ಮತ್ತೆ ಬಂದಾಗ ಅದನ್ನು ಹೊಸ ಕೆಮ್ಮು ಎಂದು ಎಣಿಸಿದೆ. ಮೊದಲನೆಯದು ಕಾಫಿ ಕೊಯ್ಲಿನ ಚಳಿಗೆ ಬಂದದ್ದು, ಎರಡನೆಯದು ಮೆಣಸಿನ ಧೂಳಿಗೆ, ಮೂರನೆಯದು ಮಡಿಕೇರಿಗೆ ಬೈಕಿನಲ್ಲಿ ಹೋಗಿ ಬಂದ ಗಾಳಿಗೆ, ನಾಲ್ಕನೆಯದು ಮದುವೆ ಮನೆಯ ಐಸ್‌ಕ್ರೀಮಿಗೆ. ಪ್ರತಿಯೊಂದಕ್ಕೂ ನನ್ನಲ್ಲಿ ಒಂದು ಕಾರಣ ಸಿದ್ಧವಾಗಿತ್ತು, ಪ್ರತಿಯೊಂದಕ್ಕೂ ವಯಸ್ಸು ನಾಲ್ಕು ದಿನ, ಐದು ದಿನ. ಅವೆಲ್ಲ ಒಂದೇ ಕೆಮ್ಮು. ಡಿಸೆಂಬರಿನಲ್ಲಿ ಹತ್ತಿದ್ದು ಒಮ್ಮೆಯೂ ಬಿಟ್ಟುಹೋಗಿರಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಬೆವರಿನದು. ಜನವರಿ ಕೊನೆಗೆ ನನಗೆ ರಾತ್ರಿ ಬೆವರು ಬರತೊಡಗಿತು. ಹೊರಗೆ ಹಲ್ಲು ಕಡಿಯುವ ಚಳಿ, ನನ್ನ ದಿಂಬಿನ ಬಟ್ಟೆ ಹಿಂಡಿದರೆ ನೀರು. ಬೆಳಿಗ್ಗೆ ಅವ್ವ ಆ ಬಟ್ಟೆ ಮುಟ್ಟಿ ನೋಡಿ, 'ಕಷಾಯ ಕೆಲಸ ಮಾಡಿದೆ, ಒಳಗಿನ ಜ್ವರ ಬೆವರಾಗಿ ಇಳಿಯಿತು' ಎಂದು ಸಂತೋಷಪಟ್ಟಳು. ನಾನೂ ಹೌದೆಂದೆ. ಕಾಳು ಹೆಚ್ಚಿಸಿದ್ದು ಆಗಲೇ. ಸ್ವಲ್ಪ ಯೋಚಿಸಿದ್ದರೂ ಸಾಕಿತ್ತು: ಮೆಣಸಿನ ಬೆವರು ಕುಡಿದ ಸ್ವಲ್ಪ ಹೊತ್ತಿಗೆ ಹಣೆಯ ಮೇಲೆ ಮೂಡಿ, ಲೋಟ ತೊಳೆದಿಡುವಷ್ಟರಲ್ಲಿ ಆರುತ್ತದೆ. ನಾನು ಕುಡಿಯುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ. ಬೆವರಿ ಎಚ್ಚರಾಗುತ್ತಿದ್ದದ್ದು ಎರಡೂವರೆ, ಮೂರಕ್ಕೆ. ಆರು ಗಂಟೆಯ ಅಂತರವಿದ್ದ ಎರಡು ಸಂಗತಿಗಳನ್ನು ನಾನು ಒಂದಕ್ಕೊಂದು ಗಂಟು ಹಾಕಿದ್ದೆ. ಸಂಜೆ ಮೈ ಬೆಚ್ಚಗಾದರೆ ಬಿಸಿಲಿನದು ಎಂದೆ. ಬೆಲ್ಟಿನಲ್ಲಿ ಮೊಳೆಯಿಂದ ಇನ್ನೊಂದು ತೂತು ಮಾಡಿಕೊಂಡಾಗ ಏಣಿ ಹತ್ತಿ ಇಳಿದು ಕರಗಿದೆನೆಂದುಕೊಂಡೆ. ರೋಗ ಒಂದೊಂದೇ ಗುರುತು ತೋರಿಸುತ್ತ ಹೋಯಿತು, ನಾನು ಅದರಲ್ಲಿ ಒಂದನ್ನು ಕಷಾಯದ ಖಾತೆಗೂ ಉಳಿದದ್ದನ್ನು ತೋಟದ ಖಾತೆಗೂ ಬರೆಯುತ್ತ ಹೋದೆ.

ಫೆಬ್ರುವರಿ ಮೂರನೇ ವಾರ ಕಫದಲ್ಲಿ ನೂಲೆಳೆಯಷ್ಟು ರಕ್ತ ಕಂಡಿತು. ಆಗ ಸರ್ಕಾರಿ ಆಸ್ಪತ್ರೆಗೆ ಹೋದೆ. ಎಷ್ಟು ದಿನದಿಂದ ಎಂದು ವೈದ್ಯರು ಕೇಳಿದರು. 'ನಾಲ್ಕು ದಿನ' ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ನಾನು ಹಾಗೆಯೇ ನಂಬಿದ್ದೆ. ಹಿಂದೆ ನಿಂತಿದ್ದ ಅವ್ವ, 'ಇಲ್ಲ ಡಾಕ್ಟರೇ, ಹುತ್ತರಿ ಕಳೆದಾಗಿನಿಂದ ಕೆಮ್ಮುತ್ತಿದ್ದಾನೆ' ಎಂದಳು. ಅವರು ಬೆರಳಲ್ಲಿ ಲೆಕ್ಕ ಹಾಕಿ ಚೀಟಿಯ ಮೇಲೆ 'ಹನ್ನೊಂದು ವಾರ' ಎಂದು ಬರೆದರು. ಎದೆಯ ಎಕ್ಸ್‌ರೇ ಆಯಿತು, ಕಫ ಪರೀಕ್ಷೆಯಾಯಿತು. ಎರಡು ದಿನದಲ್ಲಿ ಉತ್ತರ ಬಂತು: ಕ್ಷಯ.

ಮದ್ದು ಶುರುವಾದ ದಿನವೇ ಮೂತ್ರ ಕಿತ್ತಳೆ ಕೆಂಪಾಯಿತು. ರಿಫಾಂಪಿಸಿನ್ ಎಂಬ ಮಾತ್ರೆಗೆ ಹಾಗಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದರು. ನಮ್ಮ ಕೊಡಗಿನಲ್ಲಿ ಕಕ್ಕಡ ಎಂಬ ಮಳೆಗಾಲದ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಉಂಡ ಮರುದಿನ ಮೂತ್ರ ಕೆಂಪಾಗುವಂತೆಯೇ ಆಯಿತಲ್ಲ ಎಂದು ಅವ್ವನಿಗೂ ಸಮಾಧಾನ. ಮೊದಲ ಎರಡು ತಿಂಗಳು ನಾಲ್ಕು ಬಗೆಯ ಔಷಧ, ಆಮೇಲೆ ನಾಲ್ಕು ತಿಂಗಳು ಮೂರು ಬಗೆಯದು. ಪರೀಕ್ಷೆಗೂ ಮಾತ್ರೆಗೂ ಒಂದು ಪೈಸೆ ಕೊಡಲಿಲ್ಲ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, ಈಗ ಅದು 1,000 ಆಗಿದೆ. ಆರು ತಿಂಗಳಿಗೆ ನಾನು ವಾಸಿಯಾದೆ.

ನನ್ನನ್ನು ಇವತ್ತಿಗೂ ಚುಚ್ಚುವುದು ಬೇರೆ. ಆಗ ಅಣ್ಣನ ಮಗಳಿಗೆ ನಾಲ್ಕು ವರ್ಷ. ರಾತ್ರಿ ಚಿಕ್ಕಪ್ಪನ ಪಕ್ಕವೇ ಮಲಗಬೇಕು ಎನ್ನುವ ಮಗು. ಹನ್ನೊಂದು ವಾರ ನಾನು ಅವಳ ಮುಖದ ಹತ್ತಿರ ಕೆಮ್ಮಿದ್ದೆ. ಅವಳಿಗೂ ಪರೀಕ್ಷೆ ಮಾಡಿಸಿದರು, ರೋಗ ಇರಲಿಲ್ಲ. ಆದರೆ ಐದು ವರ್ಷದೊಳಗಿನವಳಾದ್ದರಿಂದ ಮುಂದೆ ಬಾರದಿರಲೆಂದು ಆರು ತಿಂಗಳು ದಿನಾ ಮಾತ್ರೆ ನುಂಗಿಸಬೇಕಾಯಿತು. ಬೆಳಿಗ್ಗೆ ಅತ್ತಿಗೆ ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡುವ ಸದ್ದು ಹಜಾರದವರೆಗೆ ಕೇಳುತ್ತಿತ್ತು. ಅತ್ತಿಗೆ ನನಗೆ ಒಂದು ಮಾತೂ ಅನ್ನಲಿಲ್ಲ.

ಆದ್ದರಿಂದ ಎಷ್ಟು ಕಾಳು ಎಂಬ ನಿಮ್ಮ ಪ್ರಶ್ನೆಗೆ ನಾನು ಸಂಖ್ಯೆ ಕೊಡುವುದಿಲ್ಲ. ಐದು ವಾರದ ಕೆಮ್ಮಿಗೆ ಕಾಳಿನ ಲೆಕ್ಕ ಕೇಳುವುದೇ ತಪ್ಪು. ಎರಡು ವಾರ ದಾಟಿದ ಯಾವುದೇ ಕೆಮ್ಮಿಗೂ ಕಫ ಪರೀಕ್ಷೆ ಮಾಡಿಸಬೇಕೆಂದು ನಮ್ಮ ದೇಶದ ಕ್ಷಯ ಕಾರ್ಯಕ್ರಮವೇ ಹೇಳುತ್ತದೆ. ನಿಮ್ಮದು ಅದರ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ನಿಮಗೆ ಕ್ಷಯವೇ ಇದೆ ಎಂದು ನಾನು ಹೇಳುತ್ತಿಲ್ಲ. ಉಬ್ಬಸದ ಕೆಮ್ಮೂ ಹೀಗೆ ಎಳೆಯುತ್ತದೆ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳಿಂದಲೂ ಕೆಲವರಿಗೆ ಒಣಕೆಮ್ಮು ಹಿಡಿಯುತ್ತದೆ. ಹೊಟ್ಟೆಯ ಆಮ್ಲ ಗಂಟಲಿಗೆ ಏರಿಯೂ ಕೆಮ್ಮು ಬರುತ್ತದೆ. ಅದಾಗಿದ್ದರೆ ಖಾಲಿ ಹೊಟ್ಟೆಗೆ ಇಪ್ಪತ್ತು ಕಾಳಿನ ಕಷಾಯ ಉರಿಯನ್ನು ಹೆಚ್ಚಿಸಿ ಕೆಮ್ಮನ್ನೂ ಹೆಚ್ಚಿಸೀತು. ಯಾವುದೆಂದು ತಿಳಿಯುವ ಮೊದಲು ಕಾಳು ಹೆಚ್ಚಿಸಿದರೆ ಗುರುತುಗಳು ಮಸುಕಾಗುತ್ತವೆ, ಅಷ್ಟೇ. ಬಿಳಿಮೆಣಸು ಅಂದರೆ ಸಿಪ್ಪೆ ತೆಗೆದ ಅದೇ ಹಣ್ಣು. ಅದರಿಂದ ಬೇರೆಯ ಪವಾಡ ನಿರೀಕ್ಷಿಸಬೇಡಿ.

ಇನ್ನೊಂದು ವಿಷಯ ನಾನು ಮಾತ್ರೆ ನುಂಗುವ ಕಾಲದಲ್ಲಿ ಕಲಿತದ್ದು. ಬೇರೆ ಕೆಲವು ಔಷಧಗಳನ್ನು ಮೈ ಕರಗಿಸಿ ಹೊರಹಾಕುವುದನ್ನು ಪೈಪರಿನ್ ತಡೆಯುತ್ತದೆ. ಈ ಗುಣವನ್ನೇ ಹಿಡಿದು ಜಮ್ಮುವಿನ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದರ ಕೆಲಸದಿಂದ ಕ್ಷಯಕ್ಕೇ ಒಂದು ಮಾತ್ರೆ ಬಂದಿದೆ: 450 ಮಿಲಿಗ್ರಾಂ ರಿಫಾಂಪಿಸಿನ್ ಬೇಕಾದಲ್ಲಿ 200 ಹಾಕಿ, ಜೊತೆಗೆ 10 ಮಿಲಿಗ್ರಾಂ ಪೈಪರಿನ್ ಸೇರಿಸಿದ್ದಾರೆ. ನಮ್ಮ ಬಳ್ಳಿಯ ಕಾಳು ಹಾಗೆ ಅಳತೆಯಲ್ಲಿ ಔಷಧಕ್ಕೆ ಹೆಗಲು ಕೊಡುವುದನ್ನು ಕಂಡರೆ ನನಗೆ ಹೆಮ್ಮೆ. ಆದರೆ ಅದೇ ಕಾರಣಕ್ಕೆ, ಅಪಸ್ಮಾರದ ಫೆನಿಟಾಯಿನ್ ಅಥವಾ ಉಬ್ಬಸದ ಥಿಯೋಫಿಲಿನ್ ತೆಗೆದುಕೊಳ್ಳುವವರು ದಿನಾ ಲೋಟಗಟ್ಟಲೆ ಮೆಣಸಿನ ಕಷಾಯ ಕುಡಿದರೆ ಔಷಧ ರಕ್ತದಲ್ಲಿ ಅಳತೆ ಮೀರಬಹುದು. ಸಾರಿಗೆ ಹಾಕುವ ಚಿಟಿಕೆ ಪುಡಿಗೆ ಯಾರೂ ಹೆದರಬೇಕಿಲ್ಲ. ನೀವು ಬೇರೆ ಯಾವ ಮಾತ್ರೆ ನುಂಗುತ್ತಿದ್ದರೂ ಕಷಾಯದ ವಿಷಯವನ್ನು ವೈದ್ಯರಿಗೆ ಮುಚ್ಚಿಡಬೇಡಿ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಇಂದು ರಾತ್ರಿ ಹಿತಕ್ಕೆ ಒಂದು ಲೋಟ ಕುಡಿಯಿರಿ, ನಾಲ್ಕೈದು ಕಾಳು ಸಾಕು. ಆದರೆ ಮಲಗುವ ಮೊದಲು ಮನೆಯವರನ್ನು ಕೂರಿಸಿಕೊಂಡು ಈ ಕೆಮ್ಮು ಮೊದಲು ಕೇಳಿಸಿದ್ದು ಯಾವ ದಿನ ಎಂದು ವಿಚಾರಿಸಿ. ಹಬ್ಬವೋ, ಮದುವೆಯೋ, ಸಂತೆಯೋ ಏನಾದರೂ ಗುರುತು ಸಿಗುತ್ತದೆ. ಆ ದಿನಾಂಕವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ, ಏಕೆಂದರೆ ವೈದ್ಯರ ಮುಂದೆ ಕೂತಾಗ ನಿಮ್ಮ ಬಾಯಿಯೂ 'ನಾಲ್ಕು ದಿನ' ಎಂದೇ ಹೇಳೀತು. ನಾಳೆಯೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲೊಮ್ಮೆ, ಮರುದಿನ ಬೆಳಿಗ್ಗೆ ಎದ್ದೊಡನೆ ಇನ್ನೊಮ್ಮೆ ಕಫ ಕೊಡಬೇಕಾಗಬಹುದು, ಡಬ್ಬಿಯನ್ನು ಅವರೇ ಕೊಡುತ್ತಾರೆ. ಉಗುಳು ಸಾಲದು, ಎದೆಯಾಳದಿಂದ ಕೆಮ್ಮಿ ಬಂದದ್ದೇ ಆಗಬೇಕು. ಮನೆಯಲ್ಲಿ ಐದು ವರ್ಷದೊಳಗಿನ ಮಗುವಿದ್ದರೆ ಅದನ್ನೂ ಅಲ್ಲೇ ಹೇಳಿ.