ಇಸಿಜಿ ನಾರ್ಮಲ್ ಬಂತು ಅಂತ ಸುಮ್ಮನಿರಬೇಡಿ

ಮೂಡಿಗೆರೆ ಕಡೆ ತೋಟದಲ್ಲಿರುವ ನಿಮ್ಮ ತಂದೆಗೆ ಒಂದು ವಾರದಿಂದ ಏರು ಹತ್ತುವಾಗ ಎದೆ ಹಿಂಡಿದಂತಾಗಿ ಬೆವರು ಬರುತ್ತದೆ, ಕೂತರೆ ಹೋಗುತ್ತದೆ, ಇಸಿಜಿ ನಾರ್ಮಲ್ ಇದೆ, ಗ್ಯಾಸ್ ಇರಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಗ್ಯಾಸ್ ಅಂದುಕೊಳ್ಳಬೇಡಿ. ನಡೆದಾಗ ಬಂದು ಕೂತಾಗ ಹೋಗುವ ನೋವು ಹೃದಯದ ರಕ್ತನಾಳ ಕಿರಿದಾಗಿರುವ ಸೂಚನೆ ಆಗಿರಬಹುದು. ನೋವಿಲ್ಲದ ಹೊತ್ತಲ್ಲಿ ತೆಗೆದ ಇಸಿಜಿ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ. ನಾಳೆಯೇ ಹೃದ್ರೋಗ ತಜ್ಞರಿಗೆ ತೋರಿಸಿ, ಅಲ್ಲಿಯವರೆಗೆ ಏರು ಹತ್ತಿಸಬೇಡಿ. ಸಕ್ಕರೆ ಕಾಯಿಲೆ ಬೇರೆ ಇದೆ ಅಂದಿದ್ದೀರಿ. ಅಂಥವರಿಗೆ ನೋವೇ ಇಲ್ಲದೆ ಬರೀ ಉಸಿರು ಕಟ್ಟಿ, ಸುಸ್ತಾಗಿಯೂ ಹೃದಯಾಘಾತ ಆಗಬಹುದು.

ಕೂತ ಮೇಲೂ ನೋವು ಕೆಲವೇ ನಿಮಿಷದಲ್ಲಿ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ತಂದೆಯೇ ಜೀಪು ಓಡಿಸಿಕೊಂಡು ಹೋಗುವುದು ಖಂಡಿತ ಬೇಡ. ಗಾಬರಿಯಲ್ಲಿ ನೇರ ಮಂಗಳೂರಿಗೇ ಅಂತ ಚಾರ್ಮಾಡಿ ಘಾಟಿ ಇಳಿಯಲೂಬೇಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಅದು ಬೇಗ ಬಿದ್ದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಕಿರಿದಾದ ರಕ್ತನಾಳವನ್ನು ಅಗಲಿಸುವ ಆಂಜಿಯೋಪ್ಲಾಸ್ಟಿಗೆ ಆಮೇಲೆ ಕಳಿಸುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇದೆ ಅಂತ ಇವತ್ತೇ ವಿಚಾರಿಸಿ, ಫೋನ್ ನಂಬರ್ ಅಮ್ಮನ ಕೈಗೂ ಬರೆದುಕೊಡಿ.