ಗವಿಗೆ ಟೈಲ್ಸ್ ಬೇಡ, ಮೊದಲು ನೀರಿಗೆ ದಾರಿ ಮಾಡಿ

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ ಇದು: ‘ನಮ್ಮೂರ ರಸ್ತೆಬದಿಯ ಲೂರ್ದು ಮಾತೆಯ ಗವಿಯಲ್ಲಿ 1958 ಎಂದು ಕೆತ್ತಿದ ಕಲ್ಲಿದೆ. ಒಳಗೋಡೆಯಿಂದ ಬಿಳಿ ಪುಡಿ ಉದುರುತ್ತಿದೆ. ಪೇಂಟು ಹೊಡೆಸಿದ ವರ್ಷದೊಳಗೇ ಸಿಪ್ಪೆ ಏಳುತ್ತದೆ. ಎಲ್ಲ ಕೆಡವಿ ಟೈಲ್ಸ್ ಹಾಕಿ, ಬಲಕ್ಕಿರುವ ಮಾತೆಯ ಸ್ವರೂಪವನ್ನು (ಪ್ರತಿಮೆಯನ್ನು) ನಟ್ಟನಡುವೆ ಇಡೋಣ ಎಂದು ಊರವರು ಎನ್ನುತ್ತಾರೆ. ಸರಿಯೇ?’

ಕೆಡವಬೇಡಿ. ಸ್ವರೂಪವನ್ನು ನಡುವಿಗೂ ತರಬೇಡಿ.

ಫ್ರಾನ್ಸಿನ ಲೂರ್ದಿನಲ್ಲಿ ಬರ್ನದೆತ್ ಎಂಬ ಬಾಲಕಿಗೆ ಯೇಸುವಿನ ತಾಯಿ ಮರಿಯ ಮಾತೆಯ ದರ್ಶನವಾದದ್ದು 1858ರ ಫೆಬ್ರವರಿ 11ರಿಂದ ಜುಲೈ 16ರವರೆಗೆ, ಒಟ್ಟು 18 ಬಾರಿ. ನಿಮ್ಮ ಕಲ್ಲಿನ ಮೇಲಿರುವುದು ಅದರ ಶತಮಾನೋತ್ಸವದ ವರ್ಷ. ಈ ಸೀಮೆಯ ಕ್ರೈಸ್ತರಿಗೆ ಫ್ರೆಂಚ್ ಗುರುಗಳ ನಂಟು ಅದಕ್ಕಿಂತ ಹಳೆಯದು. 1799ರ ನಂತರ ಶ್ರೀರಂಗಪಟ್ಟಣದ ಸುತ್ತ ದುಡಿದು 1823ರಲ್ಲಿ ಸ್ವದೇಶಕ್ಕೆ ಮರಳಿದ ಪಾದ್ರಿ ಅಬ್ಬೆ ದುಬಾಯ್ (‘ಅಬ್ಬೆ’ ಎಂದರೆ ಫ್ರೆಂಚಿನಲ್ಲಿ ಪಾದ್ರಿ) ಫ್ರೆಂಚರೇ.

ಲೂರ್ದಿನ ಮಸ್ಸಬಿಯೆಲ್ ಬಂಡೆಯಲ್ಲಿ ದೊಡ್ಡ ಗವಿಯ ಬಾಯಿ ಕೆಳಗಿದೆ. ಮಾತೆ ಕಾಣಿಸಿಕೊಂಡ ಸಣ್ಣ ಗೂಡು ಅದರ ಮೇಲೆ, ನೋಡುವವರ ಬಲಕ್ಕಿದೆ. ಶಿಲ್ಪಿ ಫಾಬಿಶ್ ಕೆತ್ತಿದ ಅಮೃತಶಿಲೆಯ ಸ್ವರೂಪವನ್ನು 1864ರಲ್ಲಿ ಅಲ್ಲಿಯೇ ನಿಲ್ಲಿಸಿದರು. ಬಿಳಿ ಉಡುಪು, ನೀಲಿ ನಡುಪಟ್ಟಿ, ಪಾದಗಳ ಮೇಲೆ ಚಿನ್ನದ ಬಣ್ಣದ ಗುಲಾಬಿ, ಜೋಡಿಸಿದ ಕೈ, ಮೇಲೆತ್ತಿದ ಕಣ್ಣು. ಮಾರ್ಚ್ 25ರಂದು ಮಾತೆ ತಾನು ಯಾರೆಂದು ಬರ್ನದೆತ್‌ಗೆ ಹೇಳಿದ ಕ್ಷಣದ ನಿಲುವು ಅದು. ನಿಮ್ಮೂರಿನವರು ಕಟ್ಟಿದ್ದು ಆ ಬಂಡೆಯ ನಕಲನ್ನೇ. ಸ್ವರೂಪವನ್ನು ನಡುವಿಗೆ ತಂದರೆ ಅದು ಬರೀ ಮಂಟಪವಾಗುತ್ತದೆ, ಲೂರ್ದಿನ ಗವಿಯಾಗಿ ಉಳಿಯುವುದಿಲ್ಲ.

ಇನ್ನು ಬಿಳಿ ಪುಡಿ. ಅದು ಉಪ್ಪು. ನಾಲೆ ಬಯಲಲ್ಲಿ ಗದ್ದೆಗೆ ನೀರು ಬಿಟ್ಟಾಗ ನೆಲದ ತೇವ ಗೋಡೆಗೆ ಏರುತ್ತದೆ. ಡಾಂಬರು ಹಾಕಿದಾಗಲೆಲ್ಲ ರಸ್ತೆ ಎತ್ತರವಾಗಿ, ಮಳೆನೀರೂ ಗವಿಯ ಬುಡಕ್ಕೇ ಹರಿಯುತ್ತದೆ. ತೇವ ಆರುವಾಗ ಉಪ್ಪನ್ನು ಹೊರಮೈಯಲ್ಲಿ ಬಿಟ್ಟುಹೋಗುತ್ತದೆ. ಎನಾಮಲ್ ಪೇಂಟು ಆ ದಾರಿಯನ್ನು ಮುಚ್ಚುವುದರಿಂದ ಉಪ್ಪು ಅದನ್ನೇ ತಳ್ಳಿ ಎಬ್ಬಿಸುತ್ತದೆ. ಟೈಲ್ಸ್ ಹಾಕಿದರೆ ಒಳಗಿನ ಕೊಳೆತ ಕಣ್ಣಿಗೆ ಬೀಳದೆ ಹೋಗುತ್ತದೆ, ಅಷ್ಟೇ.

ಆದ್ದರಿಂದ ಮೊದಲು ಗವಿಯ ಹಿಂಬದಿ ಮತ್ತು ಪಕ್ಕಗಳಲ್ಲಿ ಒಂದಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೆಗೆದು ಜಲ್ಲಿ ತುಂಬಿ, ಇಳಿಜಾರು ಕೊಟ್ಟು ಚರಂಡಿಗೆ ಸೇರಿಸಿ. ಅಡಿಪಾಯಕ್ಕಿಂತ ಆಳಕ್ಕೆ ಅಗೆಯಕೂಡದು. ಬಳಿಕ ಒಂದು ಬೇಸಿಗೆ ಗೋಡೆಯನ್ನು ಒಣಗಲು ಬಿಡಿ. ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೆ ಇಳಿಯುತ್ತದೆ.

ಸಂದುಗಳ ಸಡಿಲ ಗಾರೆಯನ್ನು ಒಂದಂಗುಲ ಆಳ ಕೆರೆದು, ಎರಡು ವಾರವಾದರೂ ನೆನೆದ ಅರಳಿಸಿದ ಸುಣ್ಣ ಒಂದು ಪಾಲು, ಜರಡಿ ಹಿಡಿದ ಮರಳು ಎರಡು ಪಾಲು, ಇಟ್ಟಿಗೆ ಪುಡಿ ಒಂದು ಪಾಲು ಕಲಸಿ ತುಂಬಿಸಿ. ತುಂಬುವ ಮುನ್ನ ಸಂದು ಒದ್ದೆಯಾಗಿರಬೇಕು. ಇಲ್ಲದಿದ್ದರೆ ಒಣಕಲ್ಲು ಗಾರೆಯ ನೀರನ್ನು ಹೀರಿ ಬಿರುಕು ಬರುತ್ತದೆ. ವಾರದ ಮೇಲೂ ಒದ್ದೆ ಗೋಣಿ ಹೊದಿಸಿಡಿ. ಮೇಸ್ತ್ರಿ ‘ಬೇಗ ಬಿಗಿಯಲಿ’ ಎಂದು ಸಿಮೆಂಟ್ ಬೆರೆಸಲು ಹೊರಟರೆ ತಡೆಯಿರಿ, ಇಲ್ಲಿ ನಿಧಾನವೇ ಬೇಕಾದದ್ದು. ಕೊನೆಗೆ ಸುಣ್ಣದ ತೆಳು ಬಳಿತ ಮೂರು ಕೋಟು ಸಾಕು.

ಸ್ವರೂಪದ ಅಡಿಭಾಗವನ್ನು ಉಗುರಿನಿಂದ ಕೆರೆದು ನೋಡಿ. ಬಿಳಿ ಪುಡಿ ಬಂದರೆ ಅದು ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರು ತಾಕಿಸದೆ ಮೆತ್ತನೆಯ ಬ್ರಷ್ಷಿನಿಂದ ಮಾತ್ರ ಧೂಳು ತೆಗೆಯಿರಿ. ತುಕ್ಕಿನ ಕಲೆಯಿರುವ ಬಿರುಕು ಕಂಡರೆ ಒಳಗಿನ ಕಬ್ಬಿಣದ ಕಡ್ಡಿ ಉಬ್ಬಿದೆ ಎಂದರ್ಥ. ಅದರ ಮೇಲೆ ಬಣ್ಣ ಬಳಿದು ಪ್ರಯೋಜನವಿಲ್ಲ, ಸ್ವರೂಪ ಮಾಡುವ ಕುಶಲಿಗರಿಗೆ ತೋರಿಸಿ. ಗಾಜಿನ ಬಾಗಿಲು ಇಡುವುದಾದರೆ ಮೇಲೂ ಕೆಳಗೂ ಜಾಲರಿಯ ಕಿಂಡಿ ಬಿಡಿ. ಪೂರ್ತಿ ಮುಚ್ಚಿದರೆ ಒಳಗೆ ಬೆವರುತ್ತದೆ. ಮೇಣದಬತ್ತಿಯ ಮರಳಿನ ತಟ್ಟೆಯನ್ನು ಗವಿಯ ಬಾಯಿಂದ ಮೂರಡಿ ಹೊರಗೆ, ಬಯಲಿನಲ್ಲಿ ಇಡಿ.