ಮೂರನೇ ಕ್ಲಾಸಿನಿಂದ ಆ ಕುರ್ಚಿಯವರೆಗೆ

ಸಾಗರದಿಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದಿದ್ದಾರೆ: "ನನ್ನ ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿ ಸರ್ಕಾರಿ ಶಾಲೆಯ ಟೀಚರ್. ಒಂಬತ್ತು ವರ್ಷದಿಂದ ಮೂರನೇ ಕ್ಲಾಸಿಗೆ ಪಾಠ ಮಾಡುತ್ತಿದ್ದಾಳೆ. ಮುಂದೆ ಸ್ಕೂಲ್ ಡಿಸ್ಟ್ರಿಕ್ಟಿನ ಸೂಪರಿಂಟೆಂಡೆಂಟ್ ಆಗಬೇಕು ಅನ್ನುತ್ತಾಳೆ. ನಮ್ಮ ಡಿಡಿಪಿಐ ಆಫೀಸಿನಲ್ಲೂ ಗುಮಾಸ್ತರ ಮೇಲೆ ಒಬ್ಬರು ಸೂಪರಿಂಟೆಂಡೆಂಟ್ ಇರುತ್ತಾರೆ. ಪಾಠ ಬಿಟ್ಟು ಆ ಫೈಲುಗಳ ಹಿಂದೆ ಯಾಕೆ ಹೋಗಬೇಕು? ಸೀನಿಯಾರಿಟಿ ಮೇಲೆ ಸಿಗುವುದಾದರೆ ಸುಮ್ನೆ ಕಾಯಲಿ, ಅಲ್ವಾ?"

ಮೇಷ್ಟ್ರೇ, ನಮಸ್ಕಾರ.

ಹೆಸರೊಂದೇ, ಕೆಲಸ ಬೇರೆ. ನಿಮ್ಮ ಮಗಳು ಹೇಳುತ್ತಿರುವುದು ಗುಮಾಸ್ತರ ಮೇಲಿನ ಹುದ್ದೆಯನ್ನಲ್ಲ. ಒಂದು ಊರಿನ ಅಥವಾ ಕೆಲವು ಊರುಗಳ ಎಲ್ಲ ಸರ್ಕಾರಿ ಶಾಲೆಗಳಿಗೂ ಮುಖ್ಯಸ್ಥರಾಗಿರುವವರೇ ಅಲ್ಲಿ ಸೂಪರಿಂಟೆಂಡೆಂಟ್. ಪ್ರಿನ್ಸಿಪಾಲರನ್ನು ಆರಿಸುವುದು, ಬಜೆಟ್, ಹೊಸ ಕಟ್ಟಡ, ಮಕ್ಕಳ ಬಸ್ಸು, ಮಧ್ಯಾಹ್ನದ ಊಟ ಎಲ್ಲದಕ್ಕೂ ಕೊನೆಗೆ ಅವರೇ ಉತ್ತರ ಹೇಳಬೇಕು. ಹೀಗೆ ಒಬ್ಬರ ಕೆಳಗಿರುವ ಶಾಲೆಗಳ ವ್ಯಾಪ್ತಿಗೇ ಸ್ಕೂಲ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಅಂಥ ಡಿಸ್ಟ್ರಿಕ್ಟುಗಳು ಅಮೆರಿಕದಲ್ಲಿ ಸುಮಾರು 13,000 ಇವೆ. ಟೆಕ್ಸಾಸ್ ಒಂದರಲ್ಲೇ ಸಾವಿರಕ್ಕೂ ಜಾಸ್ತಿ. ಹವಾಯಿಯಲ್ಲಿ ಮಾತ್ರ ಇಡೀ ರಾಜ್ಯಕ್ಕೆ ಒಂದೇ.

ಕಾಯುವ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಬಿಇಒ ಇರಲಿ, ಡಿಡಿಪಿಐ ಇರಲಿ, ಬೆಂಗಳೂರಿನಿಂದ ಆದೇಶ ಬರುತ್ತದೆ, ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿ ಸಾಮಾನ್ಯವಾಗಿ ಹಾಗೆ ಯಾರೂ ಕಳಿಸುವುದಿಲ್ಲ. ಹೆಚ್ಚಿನ ಕಡೆ ಊರಿನ ಜನರು ಓಟು ಹಾಕಿ ಸ್ಕೂಲ್ ಬೋರ್ಡ್ ಆರಿಸುತ್ತಾರೆ. ಆ ಬೋರ್ಡು ಅರ್ಜಿ ಕರೆದು, ಸಂದರ್ಶನ ಮಾಡಿ ಸೂಪರಿಂಟೆಂಡೆಂಟರನ್ನು ನೇಮಿಸುತ್ತದೆ. ಕೆಲಸ ಒಪ್ಪಂದದ ಮೇಲೆ. ಟೆಕ್ಸಾಸ್‌ನಲ್ಲಿ ಆ ಒಪ್ಪಂದ 5 ವರ್ಷ ಮೀರುವಂತಿಲ್ಲ. ನೇಮಕಕ್ಕೆ ಕನಿಷ್ಠ 21 ದಿನ ಮೊದಲೇ ಆಯ್ಕೆಯಾದವರ ಹೆಸರನ್ನು ಜನರಿಗೆ ತಿಳಿಸಬೇಕು ಎಂಬ ಕಾನೂನೂ ಇದೆ. ಬೋರ್ಡಿನ ಚುನಾವಣೆಯಲ್ಲಿ ಹೊಸಬರು ಗೆದ್ದು ಬಂದರೆ ಕುರ್ಚಿ ಅಲ್ಲಾಡುತ್ತದೆ. ಹಾಗಾಗಿ ಚಿಕ್ಕ ಊರಲ್ಲಿ ಶುರು ಮಾಡಿ, ಮೂರು-ನಾಲ್ಕು ವರ್ಷಕ್ಕೆ ಇನ್ನೊಂದು ದೊಡ್ಡ ಡಿಸ್ಟ್ರಿಕ್ಟಿಗೆ ಅರ್ಜಿ ಹಾಕಿ ಹೋಗುವವರು ಬಹಳ. ಮನೆಯವರೆಲ್ಲ ಊರೂರು ತಿರುಗಲು ತಯಾರಿರಬೇಕು. ಈ ಮಾತನ್ನು ಮಗಳ ಹತ್ತಿರ ಈಗಲೇ ಆಡಿ.

ಮೆಟ್ಟಿಲುಗಳು ಹೀಗಿವೆ. ಮೊದಲು ಟೀಚರ್, ಆಮೇಲೆ ಅಸಿಸ್ಟೆಂಟ್ ಪ್ರಿನ್ಸಿಪಾಲ್, ಪ್ರಿನ್ಸಿಪಾಲ್, ಡಿಸ್ಟ್ರಿಕ್ಟ್ ಆಫೀಸಿನಲ್ಲಿ ಸಹಾಯಕ ಸೂಪರಿಂಟೆಂಡೆಂಟ್, ಕೊನೆಗೆ ಆ ಕುರ್ಚಿ. ಟೆಕ್ಸಾಸ್‌ನಲ್ಲಿ ಪ್ರಿನ್ಸಿಪಾಲ್ ಸರ್ಟಿಫಿಕೇಟಿಗೆ ಸ್ನಾತಕೋತ್ತರ ಪದವಿ ಬೇಕು, ಎರಡು ವರ್ಷ ಪಾಠ ಮಾಡಿರಬೇಕು, ಪರೀಕ್ಷೆಯೂ ಇದೆ. ಸೂಪರಿಂಟೆಂಡೆಂಟ್ ಸರ್ಟಿಫಿಕೇಟಿಗೆ ಮತ್ತೆ ಬೇರೆ ಓದು, ಬೇರೆ ಪರೀಕ್ಷೆ. ಮೆಟ್ಟಿಲು ಹತ್ತದೆ ನೇರ ಬಂದವರೂ ಇದ್ದಾರೆ. ಲಾಸ್ ಏಂಜಲೀಸ್‌ನ ಶಾಲೆಗಳನ್ನು ಕೊಲರಾಡೋದ ಮಾಜಿ ಗವರ್ನರ್ ರಾಯ್ ರೋಮರ್ ನಡೆಸಿದರು. ಅವರ ನಂತರ ಬಂದ ಡೇವಿಡ್ ಬ್ರೂವರ್ ನೌಕಾಪಡೆಯಿಂದ ನಿವೃತ್ತರಾದವರು. ಆದರೆ ಅಂಥವರು ಕಡಿಮೆ. ಬಹುತೇಕ ಎಲ್ಲರೂ ಒಂದು ಕಾಲಕ್ಕೆ ಸೀಮೆಸುಣ್ಣ ಹಿಡಿದವರೇ.

ಇನ್ನು ನನ್ನ ಮನಸ್ಸಿನಲ್ಲಿರುವ ನಿಜವಾದ ಮಾತು. ಅಮೆರಿಕದ ಶಾಲೆಗಳಲ್ಲಿ ನಾಲ್ಕು ಟೀಚರುಗಳಲ್ಲಿ ಮೂವರು ಹೆಂಗಸರು. ಸೂಪರಿಂಟೆಂಡೆಂಟರಲ್ಲಿ? ಸೂಪರಿಂಟೆಂಡೆಂಟರದೇ ರಾಷ್ಟ್ರೀಯ ಸಂಘ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಂಗಸರು ಶೇ. 27ರ ಹತ್ತಿರ ಮಾತ್ರ. ಲೆಕ್ಕ ಪೂರ್ತಿ ತಿರುಗಿಬಿಟ್ಟಿದೆ. ಹೆಂಗಸರಿಗೆ ಓದು ಕಡಿಮೆ ಅಂತಲ್ಲ. ದಾರಿ ಹೈಸ್ಕೂಲಿನ ಮೂಲಕ ಹೋಗುತ್ತದೆ. ಹೈಸ್ಕೂಲ್ ಪ್ರಿನ್ಸಿಪಾಲರು ಊರಿಗೆಲ್ಲ ಗೊತ್ತು. ಟೆಕ್ಸಾಸ್‌ನಲ್ಲಿ ಶುಕ್ರವಾರ ರಾತ್ರಿ ಹೈಸ್ಕೂಲ್ ಫುಟ್‌ಬಾಲ್ ಅಂದರೆ ನಮ್ಮ ಊರ ಜಾತ್ರೆ ಇದ್ದ ಹಾಗೆ. ಬೋರ್ಡಿನವರ ಕಣ್ಣಿಗೆ ಅವರು ಬೀಳುತ್ತಾರೆ. ಚಿಕ್ಕ ಮಕ್ಕಳ ಶಾಲೆಯಲ್ಲಿ ದುಡಿಯುವವರು ಬೀಳುವುದಿಲ್ಲ, ಅಲ್ಲಿರುವವರು ಹೆಚ್ಚಾಗಿ ಹೆಂಗಸರೇ. ಏಳು ವರ್ಷದ ಮಗುವಿಗೆ ಓದಲು ಕಲಿಸಿದವರಿಗೆ ಶಾಲೆ ನಡೆಸಲು ಬರುವುದಿಲ್ಲ ಅಂತ ಯಾರು ಹೇಳಿದರು? ನನ್ನ ಅಮ್ಮ ಪ್ರಾಥಮಿಕ ಶಾಲೆಗೆ ಸಹಶಿಕ್ಷಕಿಯಾಗಿ ಸೇರಿ, 33 ವರ್ಷ ದುಡಿದು, ಸಹಶಿಕ್ಷಕಿಯಾಗಿಯೇ ನಿವೃತ್ತರಾದರು. ಶಾಲೆಯ ಅರ್ಧ ಕೆಲಸ ಅವರೇ ಮಾಡುತ್ತಿದ್ದರು. ನಿಮ್ಮ ಪತ್ರ ಓದುವಾಗ ಅವರದೇ ನೆನಪು.

ಮಗಳಿಗೆ ಎಲಾ ಫ್ಲ್ಯಾಗ್ ಯಂಗ್ ಅವರ ಕಥೆ ಹೇಳಿ. ಶಿಕಾಗೋದಲ್ಲಿ 1862ರಲ್ಲಿ, 17ನೇ ವಯಸ್ಸಿಗೇ ಟೀಚರ್ ಆದವರು. ಪ್ರಿನ್ಸಿಪಾಲ್ ಆದರು, 1887ರಲ್ಲಿ ಸಹಾಯಕ ಸೂಪರಿಂಟೆಂಡೆಂಟ್ ಆದರು. 1899ರಲ್ಲಿ ಆ ಕೆಲಸ ಬಿಟ್ಟು ಶಿಕ್ಷಣ ಚಿಂತಕ ಜಾನ್ ಡ್ಯೂಯಿ ಅವರ ಬಳಿ ಓದಿ, ಮರುವರ್ಷ, 55ನೇ ವಯಸ್ಸಿನಲ್ಲಿ ಪಿಎಚ್‌ಡಿ ಪಡೆದರು. 1909ರಲ್ಲಿ ಶಿಕಾಗೋದ ಎಲ್ಲ ಶಾಲೆಗಳಿಗೂ ಸೂಪರಿಂಟೆಂಡೆಂಟ್ ಆದಾಗ ಅವರಿಗೆ 64 ವರ್ಷ. ಅಷ್ಟು ದೊಡ್ಡ ನಗರದಲ್ಲಿ ಆ ಕುರ್ಚಿಗೆ ಹೆಣ್ಣೊಬ್ಬಳು ಬಂದದ್ದು ಅದೇ ಮೊದಲು. ಆ ದೇಶದ ಸಂವಿಧಾನದಲ್ಲಿ ಹೆಂಗಸರ ಓಟಿನ ಹಕ್ಕು ಸೇರಿದ್ದು ಅದಾಗಿ 11 ವರ್ಷದ ಮೇಲೆ, 1920ರಲ್ಲಿ! 1913ರ ಕೊನೆಗೆ ಬೋರ್ಡು ಅವರನ್ನು ಬಿಟ್ಟು ಬೇರೊಬ್ಬರನ್ನು ಆರಿಸಿತು. ಊರಿನ ಹೆಂಗಸರು ಸೇರಿ ಗಲಾಟೆ ಎಬ್ಬಿಸಿದರು. ಬೋರ್ಡು ಅವರನ್ನೇ ಮತ್ತೆ ಕರೆಯಬೇಕಾಯಿತು. 1915ರವರೆಗೂ ಅವರೇ ನಡೆಸಿದರು.

ಹಾಗಾಗಿ ಕಾಯಲು ಹೇಳಬೇಡಿ ಮೇಷ್ಟ್ರೇ. ಕಾದರೆ ಅಲ್ಲಿ ಏನೂ ಬರುವುದಿಲ್ಲ. ಈ ವರ್ಷವೇ ಪ್ರಿನ್ಸಿಪಾಲ್ ಸರ್ಟಿಫಿಕೇಟಿನ ಓದಿಗೆ ಸೇರಲಿ. ಶಾಲೆಯ ಟೈಮ್‌ಟೇಬಲ್ ಹಾಕುವುದು, ಖರ್ಚಿನ ಲೆಕ್ಕ ನೋಡುವುದು, ಇಂಥ ಯಾವುದಾದರೂ ಜವಾಬ್ದಾರಿ ಕೇಳಿ ತೆಗೆದುಕೊಳ್ಳಲಿ. ಸಾಧ್ಯವಾದರೆ ಕೆಲವು ವರ್ಷ ಮಿಡ್ಲ್ ಸ್ಕೂಲಿಗೋ ಹೈಸ್ಕೂಲಿಗೋ ಹೋಗಿ ಬರಲಿ. ಪಾಠ ಬಿಟ್ಟು ಹೋಗುವ ಸಂಕಟ ನಿಜ, ನಿಮಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು? ಆದರೂ ಮೂರನೇ ಕ್ಲಾಸಿನ ಮಕ್ಕಳನ್ನು ಬಲ್ಲವರೊಬ್ಬರು ಬಜೆಟ್ ಬರೆಯುವ ಜಾಗದಲ್ಲಿ ಕೂರುವುದು ಆ ಮಕ್ಕಳಿಗೇ ಒಳ್ಳೆಯದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮುಂದಿನ ಸಲ ಮಗಳ ಮನೆಗೆ ಹೋದಾಗ ಇಬ್ಬರೂ ಒಂದು ಸಂಜೆ ಸ್ಕೂಲ್ ಬೋರ್ಡಿನ ಸಭೆಗೆ ಹೋಗಿ ಕೂತುಕೊಳ್ಳಿ. ಅದು ಬಹಿರಂಗ ಸಭೆ, ಯಾರು ಬೇಕಾದರೂ ಹೋಗಬಹುದು. ಅಲ್ಲಿ ಕಂಡದ್ದನ್ನು ನಮ್ಮ ಓದುಗರಿಗೂ ಬರೆದು ಕಳಿಸಿ.

— ಸಂ.